ಕಿಸೆ ಚಾಕು: ಎಷ್ಟು ವರ್ಷ ಬಂತು, ಮೊದಲು ಕೆಟ್ಟದ್ದು ಯಾವುದು?

ಕೌಲ್‌ಬಜಾರ್ ವೈರಿಂಗ್
ಎಲ್ಲರಿಗೂ ನಮಸ್ಕಾರ. ಬಳ್ಳಾರಿಯಲ್ಲಿ ಮನೆ ವೈರಿಂಗ್ ಕೆಲಸ ನನ್ನದು. 2014ರಲ್ಲಿ ದುಬೈಯಿಂದ ಬಂದ ನಮ್ಮ ಮಾವ ಒಂದು ಕೆಂಪು ಸ್ವಿಸ್ ಚಾಕು ಕೊಟ್ಟಿದ್ದರು. ಮಡಚಿದರೆ 91 ಮಿಲಿಮೀಟರ್. ಎರಡು ಅಲಗು, ಎರಡು ಓಪನರ್, ಹಿಂದೆ ದಬ್ಬಣದಂಥ ಒಂದು ಮೊನೆ. ಅವತ್ತಿನಿಂದ ದಿನಾ ಕಿಸೆಯಲ್ಲೇ ಇದೆ. ವೈರಿನ ಸಿಪ್ಪೆ ಬಿಡಿಸುವುದು, ಪಿವಿಸಿ ಪೈಪಿನ ಬಾಯಿ ಸವರುವುದು, ಡಬ್ಬಿ ಒಡೆಯುವುದು, ಮಧ್ಯಾಹ್ನ ಉಳ್ಳಾಗಡ್ಡಿ ಹೆಚ್ಚುವುದು, ಎಲ್ಲಾ ಅದರಲ್ಲೇ.

ಈಗ ಅದರ ಸ್ಥಿತಿ ಕೇಳಿ. ದೊಡ್ಡ ಅಲಗಿನ ಮೊನೆ ಅರ್ಧ ಅಕ್ಕಿಕಾಳಿನಷ್ಟು ಮುರಿದಿದೆ. ಸ್ವಿಚ್ ಬೋರ್ಡ್ ಮೀಟಲು ಹೋದೆ, ತಪ್ಪು ನನ್ನದೇ. ಸಾಣೆ ಹಿಡಿದು ಹಿಡಿದು ಅಲಗು ಸಪೂರ ಆಗಿದೆ. ಏಣಿ ಮೇಲಿಂದ ಬಿದ್ದು ಒಂದು ಕಡೆ ಪ್ಲಾಸ್ಟಿಕ್ ಸೀಳಿದೆ. ಟೂತ್‌ಪಿಕ್ ಮೊದಲ ವರ್ಷವೇ ಮಾಯ. ಸ್ಪ್ರಿಂಗ್ ಮಾತ್ರ ಇನ್ನೂ ಟಕ್ ಅಂತ ಕೂರುತ್ತದೆ.

ಹೆಂಡತಿ "ಹೊಸದು ತಗೊಳ್ರೀ, ಇದನ್ನ ನೋಡೋಕೆ ಆಗಲ್ಲ" ಅಂತಾಳೆ. ನನಗೆ ಮನಸ್ಸಿಲ್ಲ. ನಿಮ್ಮ ಚಾಕುಗಳು ಎಷ್ಟು ವರ್ಷ ಬಾಳಿದವು? ಮೊದಲು ಕೈಕೊಟ್ಟದ್ದು ಯಾವುದು, ಅಲಗೋ, ಹಿಡಿಕೆಯೋ, ಸ್ಪ್ರಿಂಗೋ? ಈ ಮೊನೆ ಸರಿ ಮಾಡಲು ಬರುತ್ತದಾ?

ಒಗ್ಗರಣಿ ಮಿರ್ಚಿ
ಟೂತ್‌ಪಿಕ್ ಇನ್ನೂ ಉಳಿಸಿಕೊಂಡವರು ಇಲ್ಲಿ ಯಾರಾದರೂ ಇದ್ದರೆ ಸನ್ಮಾನ ಇಟ್ಟುಕೊಳ್ಳೋಣ. ಶಾಲು ನನ್ನದು.

ಸಿಂಧನೂರು ಭತ್ತ
ನನ್ನ ಚಾಕು ಯಾವುದೂ ಸವೆದಿಲ್ಲ. ಸವೆಯುವಷ್ಟು ದಿನ ನನ್ನ ಹತ್ತಿರ ಉಳಿಯುವುದೇ ಇಲ್ಲ. ಹನ್ನೆರಡು ವರ್ಷದಲ್ಲಿ ಆರು ಹೋದವು. ಒಂದು ಕಾಲುವೆಗೆ ಬಿತ್ತು. ಮುಖ ತೊಳೆಯಲು ಬಗ್ಗಿದೆ, ಅಂಗಿ ಕಿಸೆಯಿಂದ ಜಾರಿತು. ಒಂದನ್ನು ಮದುವೆ ಮನೆಯಲ್ಲಿ ಬಾಳೆಎಲೆ ಕೊಯ್ಯಲು ಇಸಿದುಕೊಂಡವರು ಇವತ್ತಿಗೂ ಕೊಟ್ಟಿಲ್ಲ, ಈಗ ಅವರಿಗೆ ಇಬ್ಬರು ಮಕ್ಕಳು. ಒಂದು ಚೀಲದ ಬಾಯಿ ಹೊಲಿಯುವಾಗ ಭತ್ತದ ಜೊತೆ ಒಳಗೇ ಹೋಗಿ ಮಿಲ್ಲಿಗೆ ಹೋಯಿತು. ಎರಡು ಎಲ್ಲಿ ಹೋದವೋ ದೇವರಿಗೇ ಗೊತ್ತು. ಆರನೆಯದು ಈ ಸಲ ಹುಲ್ಲಿನ ಬಣವೆ ಒಟ್ಟುವಾಗ ಬಿದ್ದಿದೆ. ಅದರೊಳಗೇ ಇದೆ ಅಂತ ಗೊತ್ತು, ಆದರೆ ಬಣವೆ ಕೆಡವೋದು ಯಾರು?

ಅದಕ್ಕೇ ನಾನು ನೂರೈವತ್ತು ರೂಪಾಯಿ ಮೇಲಿನ ಚಾಕು ಮುಟ್ಟಲ್ಲ.

ಎಡದಂಡೆ ಕಾಲುವೆ
ತಮ್ಮಾ ಸಿಂಧನೂರು, ಆ ಹುಲ್ಲು ದನಕ್ಕೆ ಹಾಕುವಾಗ ಜ್ವಾಕಿ. ಕಬ್ಬಿಣದ ಚೂರು ದನದ ಹೊಟ್ಟೆಗೆ ಹೋದರೆ ಗತಿ ಏನು? ಸಿವುಡು ಬಿಚ್ಚಿ ನೋಡಿ ಹಾಕು.

ಇನ್ನು ನನ್ನದು. ನಮ್ಮಪ್ಪ ಗಂಗಾವತಿ ಕಡೆ ಕಮ್ಮಾರರ ಹತ್ತಿರ ಮಾಡಿಸಿದ್ದ ಚಾಕು ನನ್ನ ಹತ್ತಿರ ಇದೆ. ಲಾರಿ ಪಾಟಾದ ಉಕ್ಕು, ಎಮ್ಮೆ ಕೋಡಿನ ಹಿಡಿ. ನಲವತ್ತು ವರ್ಷದ ಮೇಲಾಯಿತು. ಸ್ಪ್ರಿಂಗ್ ಗಿಂಗ್ ಏನಿಲ್ಲ. ಒಂದೇ ಮೊಳೆ ಮೇಲೆ ತಿರುಗುತ್ತದೆ, ಮೊಳೆ ಸಡಿಲಾದರೆ ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಒಂದೇಟು. ಮತ್ತೆ ಎರಡು ವರ್ಷ ಚಿಂತೆ ಇಲ್ಲ.

ಅಲಗು ಪೂರ್ತಿ ಕರಿ. ಮಾವಿನಕಾಯಿ ಹೆಚ್ಚಿದರೆ ಹೋಳೂ ಕರಿ ಆಗುತ್ತದೆ, ಸ್ವಲ್ಪ ಕಬ್ಬಿಣದ ರುಚಿ ಬರುತ್ತದೆ. ನಮ್ಮ ಮನೆಯಲ್ಲಿ ಯಾರಿಗೂ ಅದು ತಪ್ಪು ಅನ್ನಿಸಿಲ್ಲ. ಅಲಗಿನ ಬುಡದಲ್ಲಿ ದುಂಡಗೆ ಒಂದು ಕಲೆ ಇದೆ, ಬೆರಳಿನ ತುದಿಯಷ್ಟು. ಒಂದು ವರ್ಷ ಆಯುಧ ಪೂಜೆಯಲ್ಲಿ ಅವ್ವ ಒದ್ದೆ ಕುಂಕುಮ ಹಚ್ಚಿದ್ದಳು. ಒರೆಸದೆ ಹಾಗೇ ಬಿಟ್ಟೆವು, ತುಕ್ಕು ಬೊಟ್ಟಿನ ಆಕಾರದಲ್ಲೇ ಕೂತಿತು. ಎಷ್ಟು ಬೂದಿ ಹಾಕಿ ತಿಕ್ಕಿದರೂ ಹೋಗಿಲ್ಲ. ಈಗ ಅವ್ವ ಇಲ್ಲ, ನಾನು ತಿಕ್ಕೋದು ಬಿಟ್ಟಿದ್ದೇನೆ.

ಸಾಣೆಕಲ್ಲು
ಕಾಕಾ, ಆ ಕರಿ ಪದರವನ್ನು ತೆಗೆಯಬೇಡಿ. ಹುಳಿ ತಾಗಿ ತಾಗಿ ಬರುವ ಆ ಬಣ್ಣ ಕೆಂಪು ತುಕ್ಕಿಗೆ ಸ್ವಲ್ಪ ತಡೆ. ಒಣಗಿಸಿ ಇಟ್ಟರೆ ಸಾಕು.

ವೈರಿಂಗ್ ಅಣ್ಣಾ, ನಿಮ್ಮ ಮೊನೆ ಆರಾಮಾಗಿ ಸರಿ ಮಾಡಬಹುದು. ಒಂದೇ ವಿಷಯ ನೆನಪಿಡಿ. ಉಜ್ಜಬೇಕಾದ್ದು ಅಲಗಿನ ಬೆನ್ನಿನ ಕಡೆಯಿಂದ, ಬಾಯಿಯ ಕಡೆಯಿಂದ ಅಲ್ಲ. ಚಾಕು ಮಡಚಿದಾಗ ಬಾಯಿ ಒಳಗೆ ಹೋಗುತ್ತದೆ, ಬೆನ್ನು ಹೊರಗೆ ಕಾಣುತ್ತದೆ, ಅಲ್ವಾ? ಬೆನ್ನು ಸವೆಸಿದರೆ ಹೊಸ ಮೊನೆ ಕೆಳಗಿಳಿದು ಹಿಡಿಕೆಯೊಳಗೇ ಅಡಗುತ್ತದೆ. ಬಾಯಿ ಸವೆಸಿದರೆ ಮೊನೆ ಮೇಲೇರಿ, ಮಡಚಿದಾಗಲೂ ಹೊರಗೆ ಇಣುಕುತ್ತದೆ. ಆಮೇಲೆ ಕಿಸೆಗೆ ಕೈ ಹಾಕಿದಾಗ ಗೊತ್ತಾಗುತ್ತದೆ.

ಕಲ್ಲಿನ ಮೇಲೆ ನೀರು ಹಾಕಿ ಕೈಯಲ್ಲೇ ಉಜ್ಜಿ. ಅರ್ಧ ಗಂಟೆ ಹಿಡಿಯಬಹುದು. ದಯವಿಟ್ಟು ಗ್ರೈಂಡರ್‌ಗೆ ಕೊಡಬೇಡಿ.

ಬೆಂಗಳೂರು ರಸ್ತೆ ದರ್ಜಿ
ಯಾಕೆ ಕೊಡಬಾರದು? ನಮ್ಮ ಯೂನಿಟ್ಟಿನ ಕತ್ತರಿಗಳೆಲ್ಲಾ ಸೈಕಲ್ ಸಾಣೆಯವರ ಹತ್ತಿರವೇ ಹೋಗೋದು. ಇಪ್ಪತ್ತು ವರ್ಷದಿಂದ ಯಾವುದೂ ಹಾಳಾಗಿಲ್ಲ.

ಸಾಣೆಕಲ್ಲು
ಸೈಕಲ್ ಸಾಣೆ ಬೇರೆ, ಕರೆಂಟ್ ಗ್ರೈಂಡರ್ ಬೇರೆ ಸರ್. ಕಾಲಲ್ಲಿ ತುಳಿಯುವ ಚಕ್ರ ನಿಧಾನ, ಬಿಸಿ ಕಡಿಮೆ. ಗ್ರೈಂಡರ್‌ನಲ್ಲಿ ತೆಳು ಅಂಚು ಕ್ಷಣದಲ್ಲಿ ಕಾದುಬಿಡುತ್ತದೆ. ಉಕ್ಕು ನೀಲಿ ಬಣ್ಣಕ್ಕೆ ತಿರುಗಿತು ಅಂದರೆ ಸುಮಾರು 300 ಡಿಗ್ರಿ ಮುಟ್ಟಿದೆ ಅಂತ ಅರ್ಥ. ಅಷ್ಟು ಕಾದರೆ ಅಲ್ಲಿನ ಹದ ಹೋಯಿತು. ಆಮೇಲೆ ಎಷ್ಟು ಸಾಣೆ ಹಿಡಿದರೂ ಎರಡು ದಿನಕ್ಕೆ ಮೊಂಡು.

ಬೆಂಗಳೂರು ರಸ್ತೆ ದರ್ಜಿ
ನೀಲಿ ಬಂದದ್ದು ನೋಡಿದ್ದೇನೆ. ಅದು ಹೊಳಪು ಅಂದುಕೊಂಡಿದ್ದೆ! ಸರಿ, ಒಪ್ಪಿದೆ.

ನಾನು ಹೇಳಬೇಕಾದ್ದು ಕಿಸೆಯ ಬಗ್ಗೆ. ಜೀನ್ಸ್ ಹೊಲಿಯುವವನು ನಾನು, ಬಳ್ಳಾರಿಯಲ್ಲಿ ಇದ್ದು ಬೇರೆ ಏನು ಮಾಡಲಿ. ಕ್ಲಿಪ್ ಇರುವ ಚಾಕು ಕಿಸೆ ಅಂಚಿಗೆ ಸಿಕ್ಕಿಸಿಕೊಳ್ಳುತ್ತೀರಲ್ಲ, ಆ ಕ್ಲಿಪ್ ಬಟ್ಟೆಯನ್ನು ದಿನಾ ಒಂದೇ ಕಡೆ ಉಜ್ಜುತ್ತದೆ. ರಿಪೇರಿಗೆ ಬರುವ ಪ್ಯಾಂಟು ನೋಡಿಯೇ ಹೇಳುತ್ತೇನೆ, ಇವರು ಚಾಕು ಬಲಗಡೆ ಇಡುತ್ತಾರೆ ಅಂತ. ಅಂಚು ಬಿಳಿ ಆಗಿ, ದಾರ ಹೊರಗೆ ಬಂದು, ಮೂಲೆಯ ಗಟ್ಟಿ ಹೊಲಿಗೆ ಬಿಟ್ಟಿರುತ್ತದೆ.

ಚಿಕ್ಕ ಚಾಕು ಇದ್ದರೆ ಬಲಗಡೆ ಕಿಸೆಯೊಳಗಿನ ಆ ಪುಟ್ಟ ಕಿಸೆಯಲ್ಲಿ ಇಡಿ. ಹಿಂದೆ ಸರಪಳಿ ಗಡಿಯಾರಕ್ಕೆ ಅಂತ ಇಟ್ಟದ್ದು ಅದು. 58 ಮಿಲಿಮೀಟರಿನ ಚಾಕು ಅಳತೆ ತಗೊಂಡು ಹೊಲಿದ ಹಾಗೆ ಕೂರುತ್ತದೆ.

ನನ್ನ ಸ್ವಂತ ಚಾಕುವಿಗೆ ಒಂಬತ್ತು ವರ್ಷ. ಅದರ ಕಷ್ಟ ಏನು ಗೊತ್ತಾ? ಅರಳೆ. ಡೆನಿಮ್ಮಿನ ನೀಲಿ ನಾರು ಅಲಗಿನ ಬುಡದಲ್ಲಿ ಸೇರಿ ಎಣ್ಣೆ ಜೊತೆ ಮುದ್ದೆ ಕಟ್ಟುತ್ತದೆ. ತಿಂಗಳಿಗೊಮ್ಮೆ ಮಷಿನ್ ಸೂಜಿಯಿಂದ ಕೆದಕಿದರೆ ನೀಲಿ ಬತ್ತಿ ಹಾಗೆ ಉದ್ದಕ್ಕೆ ಬರುತ್ತದೆ. ತುಂಬಾ ಸಮಾಧಾನ ಕೊಡುವ ಕೆಲಸ.

ಒಗ್ಗರಣಿ ಮಿರ್ಚಿ
ದರ್ಜಿ ಸರ್, ಆ ಬತ್ತಿಯಿಂದ ದೀಪ ಹಚ್ಚಿ. ಎಣ್ಣೆ ಹೇಗೂ ಇದೆ.

ಕುಷ್ಟಗಿ ದಾಳಿಂಬೆ
ನನ್ನ ಅನುಭವ ಸ್ವಲ್ಪ ಉದ್ದ ಆಗುತ್ತೆ, ಕ್ಷಮಿಸಿ.

ಮೊದಲ ಚಾಕು ಸಾದಾ ಸ್ಪ್ರಿಂಗಿನದು, ಲಾಕ್ ಇರಲಿಲ್ಲ. ಡ್ರಿಪ್ಪಿನ 16 ಎಂಎಂ ಪೈಪಿಗೆ ತೂತು ಮಾಡಲು ಮೊನೆಯಿಂದ ಚುಚ್ಚಿದೆ. ಮೊನೆ ಸಿಕ್ಕಿಕೊಂಡಿತು, ಕೈ ಮುಂದೆ ಹೋಯಿತು, ಅಲಗು ಬೆರಳ ಮೇಲೆ ಮಡಚಿಕೊಂಡಿತು. ಮೂರು ಹೊಲಿಗೆ. ಅವತ್ತಿಂದ ಒಳಗೆ ಪಟ್ಟಿ ಬಂದು ಅಡ್ಡ ನಿಲ್ಲುವ ಲಾಕ್ ಚಾಕುವೇ ಇಟ್ಟುಕೊಂಡಿದ್ದೇನೆ. ಏಳು ವರ್ಷ ಆಯಿತು. ಎರೆ ಮಣ್ಣು ಒಳಗೆ ಹೋಗಿ ಒಣಗಿದರೆ ಲಾಕ್ ಪಟ್ಟಿ ಪೂರ್ತಿ ಸರಿಯೋದಿಲ್ಲ, ಅರ್ಧಕ್ಕೇ ನಿಲ್ಲುತ್ತದೆ. ಆಗ ಲಾಕ್ ಇದೆ ಅಂತ ನಂಬಿದರೆ ಮತ್ತೆ ಮೂರು ಹೊಲಿಗೆ. ಬಕೆಟ್ ನೀರಲ್ಲಿ ಅಲ್ಲಾಡಿಸಿ, ಬಿಸಿಲಿಗೆ ಇಟ್ಟು, ಆಮೇಲೆ ಎಣ್ಣೆ.

ಇನ್ನೊಂದು ಮಾತು, ದಾಳಿಂಬೆ ಮಾಡುವವರಿಗೆ. ಕಿಸೆ ಚಾಕುವಿನಿಂದ ರೋಗದ ಕೊಂಬೆ ಕತ್ತರಿಸಬೇಡಿ. ದುಂಡಾಣು ಅಂಗಮಾರಿ ಕತ್ತರಿ, ಚಾಕುಗಳ ಬಾಯಿಯಿಂದಲೂ ಗಿಡದಿಂದ ಗಿಡಕ್ಕೆ ಹೋಗುತ್ತದೆ. ಒಂದು ಗಿಡ ಮುಗಿಸಿ ಇನ್ನೊಂದಕ್ಕೆ ಹೋಗುವ ಮೊದಲು ಸೋಡಿಯಂ ಹೈಪೋಕ್ಲೋರೈಟ್ ನೀರಿನಲ್ಲಿ ಅದ್ದಬೇಕು. ನಾನು ಅತಿ ಜಾಣತನ ಮಾಡಿ ಕಿಸೆ ಚಾಕುವನ್ನೂ ಅದೇ ನೀರಲ್ಲಿ ರಾತ್ರಿಯಿಡೀ ಬಿಟ್ಟೆ. ಬೆಳಗ್ಗೆ ಅಲಗಿನ ತುಂಬಾ ಸೂಜಿ ಚುಚ್ಚಿದ ಹಾಗೆ ಗುಳಿ. ಸ್ಟೇನ್‌ಲೆಸ್ ಅಂದರೆ ಏನೂ ಆಗಲ್ಲ ಅಂತಲ್ಲ.

ಸಾಣೆಕಲ್ಲು
ಸರಿಯಾಗಿ ಹೇಳಿದಿರಿ. ಕ್ಲೋರಿನ್ ಇರುವ ನೀರು ಸ್ಟೇನ್‌ಲೆಸ್‌ಗೂ ಶತ್ರು. ಅದ್ದಿ, ತೊಳೆದು, ಒರೆಸಿ. ನೆನೆಹಾಕಬೇಡಿ.

ಶಕ್ತಿನಗರ ಶಿಫ್ಟ್
ಬೇರೆಯವರು ಹೇಳದೆ ಇರುವುದನ್ನು ನಾನು ಹೇಳುತ್ತೇನೆ. ವೈರಿಂಗ್ ಅಣ್ಣಾ, ಆ ಚಾಕುವಿನಿಂದ ಕರೆಂಟ್ ಇರುವ ವೈರ್ ಮುಟ್ಟುತ್ತೀರಾ? ಹೊರಗೆ ಪ್ಲಾಸ್ಟಿಕ್ ಇದ್ದರೂ ಒಳಗಿನ ಪಟ್ಟಿ, ಮೊಳೆ, ಸ್ಪ್ರಿಂಗ್ ಎಲ್ಲಾ ಲೋಹ. ಇಂಥ ಕಿಸೆ ಚಾಕು ಇನ್ಸುಲೇಟೆಡ್ ಅಂತ ಲೆಕ್ಕಕ್ಕೆ ಇಲ್ಲ. ಅದಕ್ಕೆ ಅಂತಲೇ ಬರುವ ಚಾಕುವಿನ ಮೇಲೆ ಎರಡು ತ್ರಿಕೋನದ ಗುರುತು, 1000 ವೋಲ್ಟ್ ಅಂತ ಬರೆದಿರುತ್ತದೆ. ಅದರಲ್ಲೂ ಎಂಸಿಬಿ ಇಳಿಸಿ ಟೆಸ್ಟರ್ ಇಟ್ಟು ನೋಡಿಯೇ ಕೆಲಸ.

ಕೌಲ್‌ಬಜಾರ್ ವೈರಿಂಗ್
ಎಂಸಿಬಿ ಇಳಿಸದೆ ಮುಟ್ಟಲ್ಲ ಸರ್, ಮನೆಯಲ್ಲಿ ಇಬ್ಬರು ಮಕ್ಕಳಿದ್ದಾರೆ. ಆದರೆ ಒಂದು ಹೇಳಿ, ಓಪನರ್ ಬುಡದಲ್ಲಿ ವೈರ್ ಸಿಪ್ಪೆ ತೆಗೆಯಲು ಒಂದು ಕಚ್ಚು ಕೊಟ್ಟಿದ್ದಾರಲ್ಲ, ಅದನ್ನು ಯಾರಾದರೂ ನಿಜವಾಗಿ ಬಳಸುತ್ತಾರಾ? ಹನ್ನೊಂದು ವರ್ಷದಲ್ಲಿ ಎರಡು ಸಲ ಪ್ರಯತ್ನಪಟ್ಟೆ. ಎರಡು ಸಲವೂ ಹಲ್ಲೇ ವಾಸಿ ಅನ್ನಿಸಿತು.

ಕೊಪ್ಪಳ ಟೀಚರ್
ನಾನು ಪರ್ಸಿನಲ್ಲಿ ಇಟ್ಟುಕೊಳ್ಳುವುದು ಪುಟ್ಟದು, ದರ್ಜಿ ಸರ್ ಹೇಳಿದ 58ರದ್ದೇ. ಪೆನ್ಸಿಲ್ ಕೆತ್ತಲು, ಬಸ್ಸಿನಲ್ಲಿ ಪೇರಲ ಹಣ್ಣು ಹೆಚ್ಚಲು. ಅದರ ಕತ್ತರಿಯೇ ನನಗೆ ಜಾಸ್ತಿ ಬೇಕಾದ್ದು. ಆರು ವರ್ಷದಲ್ಲಿ ಕತ್ತರಿಯ ಸ್ಪ್ರಿಂಗ್ ಒಂದು ಸಲ ಮುರಿಯಿತು, ಬದಲಾಯಿಸಿಕೊಂಡೆ.

ಮೊದಲನೆಯದು ಏನಾಯಿತು ಅಂದರೆ, ಮಗಳನ್ನು ನೋಡಲು ವಿಮಾನದಲ್ಲಿ ಹೊರಟಿದ್ದೆ. ಪರ್ಸಿನಲ್ಲಿ ಚಾಕು ಇದ್ದದ್ದೇ ಮರೆತಿದ್ದೆ. ತಪಾಸಣೆಯಲ್ಲಿ ಆ ಹುಡುಗಿ ಹೊರತೆಗೆದು "ಮೇಡಂ, ಇದು ಬಿಡಬೇಕಾಗುತ್ತೆ" ಅಂದಳು. ಪಾರದರ್ಶಕ ಡಬ್ಬಿಯಲ್ಲಿ ಉಗುರು ಕತ್ತರಿ, ಲೈಟರ್‌ಗಳ ನಡುವೆ ನನ್ನ ಚಾಕು. ಹಿಂದೆ ಸಾಲು ನಿಂತಿತ್ತು, ವಾದ ಮಾಡಲು ನಾಚಿಕೆ. ಕೈಚೀಲದಲ್ಲಿ ಬಿಡಲ್ಲ, ಒಪ್ಪಿಸುವ ಪೆಟ್ಟಿಗೆಯಲ್ಲಿ ಹಾಕಿದ್ದರೆ ಏನೂ ತೊಂದರೆ ಇರಲಿಲ್ಲ ಅಂತ ಆಮೇಲೆ ಗೊತ್ತಾಯಿತು.

ಒಂದು ಪ್ರಶ್ನೆ: ಸುಮ್ನೆ ಬಸ್ಸಲ್ಲಿ, ಊರಲ್ಲಿ ಇಟ್ಟುಕೊಂಡು ಓಡಾಡಿದರೆ ಪೊಲೀಸರು ಕೇಳುತ್ತಾರಾ?

ರಾಯಚೂರು ಲಾ ಕಾಲೇಜ್
ಮೇಡಂ, 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ನಿಯಮಗಳಲ್ಲಿ ಹೆಸರಿಸಿರುವುದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಅಲಗಿನ ಚಾಕುಗಳನ್ನು. ಅದರಲ್ಲೂ ಮನೆಗೆಲಸ, ಬೇಸಾಯ, ಕೈಗಾರಿಕೆಗೆ ಅಂತ ಮಾಡಿದವು ಲೆಕ್ಕಕ್ಕಿಲ್ಲ. ನಿಮ್ಮ ಪೇರಲ ಚಾಕು ಇದರ ಹತ್ತಿರವೂ ಬರಲ್ಲ.

ಆದರೆ ಚುನಾವಣೆ, ಗಲಾಟೆ ಸಮಯದಲ್ಲಿ ನಿಷೇಧಾಜ್ಞೆ ಹಾಕುತ್ತಾರಲ್ಲ, ಹಿಂದೆ 144ನೇ ಸೆಕ್ಷನ್ ಅಂತಿದ್ದದ್ದು, ಈಗ 163ನೇ ಸೆಕ್ಷನ್. ಆ ಆದೇಶದಲ್ಲಿ ಆಯುಧ ಹಿಡಿದು ಓಡಾಡಬಾರದು ಅಂತ ಇದ್ದರೆ ಮನೆಯಲ್ಲೇ ಬಿಡಿ. ಕೋರ್ಟು, ಕಚೇರಿಗಳಿಗೂ ತಗೊಂಡು ಹೋಗಬೇಡಿ. ಚಾಕುವಿನ ಅಳತೆಗಿಂತ ನೀವು ಅದನ್ನು ಯಾಕೆ, ಹೇಗೆ ಹಿಡಿದಿದ್ದೀರಿ ಅನ್ನೋದೇ ಪೊಲೀಸರ ಕಣ್ಣಿಗೆ ಮೊದಲು ಬೀಳೋದು.

ಎಡದಂಡೆ ಕಾಲುವೆ
ನಮ್ಮ ಕಾಲದಲ್ಲಿ ಮದುಮಗ ಲಿಂಬೆಹಣ್ಣು ಚುಚ್ಚಿದ ಚೂರಿ ಹಿಡಿದು ಊರೆಲ್ಲಾ ಮೆರವಣಿಗೆ ಹೋಗುತ್ತಿದ್ದ. ಪೊಲೀಸರೇ ಮುಂದೆ ನಿಂತು ದಾರಿ ಬಿಡಿಸುತ್ತಿದ್ದರು.

ಒಗ್ಗರಣಿ ಮಿರ್ಚಿ
ಕಾಕಾ, ಅವತ್ತು ಅಪಾಯ ಯಾರಿಗೆ ಅಂತ ಅವರಿಗೂ ಗೊತ್ತಿತ್ತು.

ಕುಷ್ಟಗಿ ದಾಳಿಂಬೆ
ಎಣ್ಣೆ ಯಾವುದು ಹಾಕಬೇಕು ಅಂತ ಯಾರಾದರೂ ಹೇಳಿ. ನಾನು ಕೊಬ್ಬರಿ ಎಣ್ಣೆ ಹಾಕುತ್ತಿದ್ದೆ, ಆರು ತಿಂಗಳಲ್ಲಿ ಅಂಟು ಅಂಟು.

ಬೆಂಗಳೂರು ರಸ್ತೆ ದರ್ಜಿ
ಹೊಲಿಗೆ ಮಷಿನ್ ಎಣ್ಣೆ. ಒಂದು ಹನಿ. ಮುಗಿಯಿತು.

ಶಕ್ತಿನಗರ ಶಿಫ್ಟ್
ಅದರಲ್ಲೇ ಹಣ್ಣು ಹೆಚ್ಚುತ್ತೀರಿ ಅಂದರೆ ಮೆಡಿಕಲ್ ಶಾಪಿನ ಲಿಕ್ವಿಡ್ ಪ್ಯಾರಾಫಿನ್ ವಾಸಿ. ಅಡುಗೆ ಎಣ್ಣೆ ಯಾವುದೂ ಬೇಡ, ಹೆಚ್ಚಿನವು ದಿನ ಕಳೆದಂತೆ ಅಂಟಾಗುತ್ತವೆ.

ಕೌಲ್‌ಬಜಾರ್ ವೈರಿಂಗ್
ನಮ್ಮಲ್ಲಿ ಎಣ್ಣೆ ಹಾಕಿದರೂ ಕಷ್ಟ. ಸಂಡೂರು ಕಡೆ ಕೆಲಸ ಇದ್ದ ವಾರ ಅದಿರಿನ ಕೆಂಪು ಧೂಳು ಎಣ್ಣೆಗೆ ಹತ್ತಿ ಮಸಾಲೆ ಅರೆದ ಹಾಗೆ ಆಗುತ್ತದೆ. ತೆರೆದಾಗ ಕರಕರ ಸದ್ದು. ಅದಕ್ಕೆ ಪೆನ್ಸಿಲ್ ಸೀಸ ಪುಡಿ ಮಾಡಿ ಉದುರಿಸುತ್ತೇನೆ. ಕೈ ಕರಿ ಆಗುತ್ತದೆ, ಆದರೆ ಧೂಳು ಹತ್ತೋದಿಲ್ಲ.

ಸಾಣೆಕಲ್ಲು
ಒಳ್ಳೆ ಉಪಾಯ, ಆದರೆ ಒದ್ದೆ ಆದರೆ ಸೀಸದ ಪುಡಿ ತುಕ್ಕಿಗೆ ದಾರಿ. ಬಳ್ಳಾರಿಗೆ ನಡೆಯುತ್ತೆ, ಮಲೆನಾಡಿಗೆ ಬೇಡ.

ವೈರಿಂಗ್ ಅಣ್ಣಾ, ನಿಮ್ಮ ಚಾಕುವಿನ ಕಂಪನಿ ಬಗ್ಗೆ ಒಂದು ಮಾತು. ವಿಕ್ಟೋರಿನಾಕ್ಸ್ ಉಕ್ಕು ಬೇಕಂತಲೇ ಮೆದು, ಗಡಸುತನ ಅಳೆಯುವ ರಾಕ್‌ವೆಲ್ ಲೆಕ್ಕದಲ್ಲಿ 55, 56ರ ಸುಮಾರು. ಬೇಗ ಮೊಂಡಾಗುತ್ತದೆ, ಅಷ್ಟೇ ಬೇಗ ಹರಿತ ಆಗುತ್ತದೆ. ಮನೆಯಲ್ಲಿ ಪಿಂಗಾಣಿ ಲೋಟ ಬೋರಲು ಹಾಕಿ, ತಳದಲ್ಲಿ ಹೊಳಪಿಲ್ಲದ ಒರಟು ಬಳೆ ಇರುತ್ತದೆ. ಅದರ ಮೇಲೆ ಎರಡೂ ಕಡೆ ಹತ್ತು ಹತ್ತು ಸಲ ಎಳೆಯಿರಿ. ಕೋನ ಗೊತ್ತಾಗದಿದ್ದರೆ ಕಾಗದದ ಚೌಕ ಮೂಲೆ ಎರಡು ಸಲ ಮಡಚಿ, 22 ಡಿಗ್ರಿ ಸಿಗುತ್ತದೆ. ಅದಕ್ಕಿಂತ ಸ್ವಲ್ಪ ತಗ್ಗಿಸಿ ಹಿಡಿಯಿರಿ. ಕೊನೆಗೆ ಚರ್ಮದ ಬೆಲ್ಟಿನ ಒರಟು ಮೈ ಮೇಲೆ ಹಿಮ್ಮುಖವಾಗಿ ಎಳೆದರೆ ಸಾಕು. ವಾರಕ್ಕೊಮ್ಮೆ ಹೀಗೆ ಮಾಡಿದ್ದರೆ ನಿಮ್ಮ ಅಲಗು ಇಷ್ಟು ಸವೆಯುತ್ತಿರಲಿಲ್ಲ. ಪೂರ್ತಿ ಮೊಂಡಾಗುವವರೆಗೆ ಬಿಟ್ಟು ಒರಟು ಕಲ್ಲಿಗೆ ಹಾಕಿದ್ದೀರಿ, ಅಲ್ವಾ?

ಕೌಲ್‌ಬಜಾರ್ ವೈರಿಂಗ್
ಅಲ್ಲೇ ನಿಂತು ನೋಡಿದ ಹಾಗೆ ಹೇಳಿದಿರಿ.

ರಾಯಚೂರು ಲಾ ಕಾಲೇಜ್
ಈ ಕಂಪನಿಯೇ ಸ್ವಿಸ್ ಸೈನ್ಯಕ್ಕೆ ಮೊದಲ ಚಾಕು ಮಾಡಿಕೊಟ್ಟದ್ದು ಅಲ್ವಾ? 1884ರಲ್ಲಿ?

ಸಾಣೆಕಲ್ಲು
ಅರ್ಧ ಸರಿ. ಕಾರ್ಲ್ ಎಲ್ಸೆನರ್ 1884ರಲ್ಲಿ ಈ ಕಂಪನಿ ಶುರು ಮಾಡಿದ್ದು ಹೌದು. ಆದರೆ ಸೈನಿಕರ 1890ರ ಮಾದರಿಯ ಮೊದಲ ಕಂತು ತಯಾರಾದದ್ದು ಜರ್ಮನಿಯ ಝೋಲಿಂಗನ್‌ನಲ್ಲಿ. ಎಲ್ಸೆನರ್ ಕೊಡಲು ಶುರು ಮಾಡಿದ್ದು 1891ರಿಂದ. ನಾವು ಇವತ್ತು ನೋಡುವ ಹಲವು ಅಲಗಿನ ಚಾಕು 1897ರದ್ದು. 1909ರಲ್ಲಿ ತಾಯಿ ವಿಕ್ಟೋರಿಯಾ ತೀರಿಕೊಂಡ ಮೇಲೆ ಅವರ ಹೆಸರನ್ನೇ ಕಂಪನಿಗೆ ಇಟ್ಟರು. 1921ರಲ್ಲಿ ಸ್ಟೇನ್‌ಲೆಸ್ ಬಂತು, ಫ್ರೆಂಚಿನಲ್ಲಿ ಅದಕ್ಕೆ ಇನಾಕ್ಸ್ ಅಂತಾರೆ. ಎರಡೂ ಸೇರಿ ಈ ಹೆಸರು.

ಎಡದಂಡೆ ಕಾಲುವೆ
ಅವ್ವನ ಹೆಸರಾ! ಗೊತ್ತಿರಲಿಲ್ಲ ನೋಡು.

ಸಿಂಧನೂರು ಭತ್ತ
ಬಜಾರಿನಲ್ಲಿ ಇನ್ನೂರೈವತ್ತಕ್ಕೆ ಅದೇ ಕೆಂಪು ಚಾಕು, ಬಿಳಿ ಶಿಲುಬೆ ಸಮೇತ ಸಿಗುತ್ತದಲ್ಲ. ವ್ಯತ್ಯಾಸ ಏನು?

ಕೊಪ್ಪಳ ಟೀಚರ್
ಅದನ್ನು ಕೊಂಡವಳು ನಾನು. ಅದೂ ಆನ್‌ಲೈನಿನಲ್ಲಿ, ಅಸಲಿ ಅಂತ ಅಸಲಿ ಬೆಲೆ ಕೊಟ್ಟು! ಎರಡು ಅಲಗು ಒಟ್ಟಿಗೇ ಮೇಲೇಳುತ್ತಿದ್ದವು, ಕತ್ತರಿ ಕಾಗದ ಅಗಿಯುತ್ತಿತ್ತು. ಅಸಲಿಯಲ್ಲಿ ಅಲಗಿನ ಬುಡದಲ್ಲಿ ಕಂಪನಿ ಹೆಸರು ಸ್ಪಷ್ಟವಾಗಿ ಕೊರೆದಿರುತ್ತದೆ. ನನ್ನದರಲ್ಲಿ ಬರೀ "ಸ್ಟೇನ್‌ಲೆಸ್" ಅಂತ, ಅದೂ ಒಂದು ಅಕ್ಷರ ತಪ್ಪು. ಟೀಚರ್ ಆಗಿ ಅದನ್ನು ಸಹಿಸೋಕೆ ಆಗಲಿಲ್ಲ, ವಾಪಸ್ ಕಳಿಸಿದೆ.

ಶಕ್ತಿನಗರ ಶಿಫ್ಟ್
ನನ್ನ ಹತ್ತಿರ ಇರೋದು ಫ್ರಾನ್ಸಿನ ಓಪಿನೆಲ್, 8ನೇ ನಂಬರು. ಅಲಗು ಎಂಟೂವರೆ ಸೆಂಟಿಮೀಟರ್. ಹಿಡಿಕೆ ಮರದ್ದು, ಕುತ್ತಿಗೆಯಲ್ಲಿ ತಿರುಗುವ ಒಂದು ಲೋಹದ ಉಂಗುರ, ತಿರುಗಿಸಿದರೆ ಲಾಕ್. ಚಾಕು 1890ರದ್ದು, ಉಂಗುರ 1955ರಲ್ಲಿ ಸೇರಿದ್ದು. ಐದು ವರ್ಷ ಆಯಿತು, ದೂರಿಲ್ಲ. ಒಂದು ಮಿಲಿಮೀಟರ್ ದಪ್ಪದ ಡೆನಿಮ್ ಬೆಲ್ಟು ಇದ್ದ ಹಾಗೆ ಹಗುರ. ಲಾಕ್ ಬೇಕು, ಸರಳ ಇರಬೇಕು ಅನ್ನುವವರು ನೋಡಬಹುದು.

ಬೆಂಗಳೂರು ರಸ್ತೆ ದರ್ಜಿ
ಒಂದು ಮಿಲಿಮೀಟರ್ ಡೆನಿಮ್ ಬೆಲ್ಟು ಅಂದರೆ ಏನು ಸ್ವಾಮಿ? ನಾನು ಮೂವತ್ತು ವರ್ಷ ಹೊಲಿದಿದ್ದೇನೆ, ನೋಡಿಲ್ಲ.

ಶಕ್ತಿನಗರ ಶಿಫ್ಟ್
ನೈಟ್ ಶಿಫ್ಟ್ ಮುಗಿಸಿ ಬರೆದದ್ದು ಸರ್. ಹಗುರ ಅಂತ ಅಷ್ಟೇ ಓದಿಕೊಳ್ಳಿ.

ಕೌಲ್‌ಬಜಾರ್ ವೈರಿಂಗ್
ಭಾನುವಾರ ಕೂತು ಮೊನೆ ಮಾಡಿದೆ. ಅರ್ಧ ಗಂಟೆ ಅಂದಿದ್ದಿರಿ, ಒಂದೂ ಕಾಲು ಗಂಟೆ ಹಿಡಿಯಿತು. ಹಿತ್ತಲಿನ ಬಟ್ಟೆ ಒಗೆಯೋ ಕಲ್ಲಿನ ಮೂಲೆಯಲ್ಲಿ ನೀರು ಬಿಟ್ಟುಕೊಂಡು, ಬೆನ್ನಿನ ಕಡೆಯಿಂದಲೇ ಉಜ್ಜಿದೆ. ನೀರು ಬೂದು ಬಣ್ಣಕ್ಕೆ ತಿರುಗುತ್ತಿತ್ತು. ಮಗ ಪಕ್ಕದಲ್ಲಿ ಕೂತು ಹತ್ತು ಸಲಕ್ಕೊಮ್ಮೆ "ಆಯ್ತಾ" ಅಂತ ಕೇಳುತ್ತಿದ್ದ. ಆಮೇಲೆ ಲೋಟದ ತಳ, ಬೆಲ್ಟು. ಈಗ ಅಲಗು ಮೊದಲಿಗಿಂತ ಗಿಡ್ಡ, ಮೂಗು ಸ್ವಲ್ಪ ತಗ್ಗಿದ ಹಾಗೆ ಕಾಣುತ್ತದೆ. ಮಡಚಿ ಮೇಲೆ ಉಗುರು ಎಳೆದು ನೋಡಿದೆ, ಎಲ್ಲೂ ತಾಗೋದಿಲ್ಲ. ಟೊಮೇಟೊ ಮೇಲೆ ಇಟ್ಟರೆ ತಾನೇ ಇಳಿಯುತ್ತದೆ.

ಹೊಸದು ಸದ್ಯಕ್ಕಿಲ್ಲ. ಸ್ವಿಚ್ ಬೋರ್ಡ್ ಮೀಟಲು ಇಪ್ಪತ್ತು ರೂಪಾಯಿಯ ಸ್ಕ್ರೂಡ್ರೈವರ್ ಇಟ್ಟುಕೊಂಡಿದ್ದೇನೆ.

ಕುಷ್ಟಗಿ ದಾಳಿಂಬೆ
ಹೆಂಡತಿ ಏನಂದರು?

ಕೌಲ್‌ಬಜಾರ್ ವೈರಿಂಗ್
ಅಡುಗೆಮನೆಯ ನಾಲ್ಕು ಚಾಕು, ಎರಡು ಕತ್ತರಿ, ಒಂದು ಈಳಿಗೆ ತಂದು ಮುಂದಿಟ್ಟಳು.

ಸಿಂಧನೂರು ಭತ್ತ
ಎಲ್ಲರಿಗೂ ಒಂದು ಸುದ್ದಿ. ಕಾಕಾ ಹೇಳಿದ ಮೇಲೆ ಹೆದರಿಕೆಯಾಗಿ ಸಿವುಡು ಒಂದೊಂದೇ ಬಿಚ್ಚಿ ಹಾಕುತ್ತಿದ್ದೆ. ಇವತ್ತು ಬೆಳಗ್ಗೆ ಚಾಕು ಸಿಕ್ಕಿತು. ಆದರೆ ನನ್ನದಲ್ಲ. ನನ್ನದು ಕಪ್ಪು ಹಿಡಿಕೆ, ಇದು ಹಸಿರು. ನನ್ನದಕ್ಕಿಂತ ಚೆನ್ನಾಗಿದೆ ಬೇರೆ. ಬಣವೆ ಒಟ್ಟಲು ಬಂದವರು ನಾಲ್ಕು ಜನ, ಯಾರದ್ದು ಅಂತ ಕೇಳಬೇಕು.

ಒಗ್ಗರಣಿ ಮಿರ್ಚಿ
ಕೇಳಿ ಅಣ್ಣಾ, ಮದುವೆ ಮನೆಯವರು ಕೇಳಿದ ಹಾಗೆ ಮಾಡಬೇಡಿ.